ಪರದೆ ಆರಿಸಿದ ದಿನ

ತನಗೆ ಕಾಣದ ಪರದೆಗೆ ಕರೆಂಟು ಯಾಕೆ ದಂಡ ಎಂದುಕೊಂಡು ಮಲಯಾಳ ಸೀಮೆಯ ಕೊಳವಳ್ಳಿಯ ಶಿವನಂಜಪ್ಪ ಅದರ ಗುಂಡಿ ಒತ್ತಿ ಆರಿಸಿದ. ಆ ದಿನದ ತಾಪತ್ರಯವೆಲ್ಲ ಶುರುವಾದದ್ದು ಅಲ್ಲಿಂದ.

ಕಂಪ್ಯೂಟರ್ ಮನೆಗೆ ಬಂದದ್ದು ಹಿಂದಿನ ದಿನ. ಮಾನಂದವಾಡಿಯ ಪದ್ಮನಾಭನ್ ಮತ್ತವನ ಗೆಳೆಯರು ಸಂಬಳವಿಲ್ಲದೆ, ಬಿಡುವಿನಲ್ಲಿ, ಲಿನಕ್ಸ್ ಎಂಬ ಯಾರು ಬೇಕಾದರೂ ತಿದ್ದಿಕೊಳ್ಳಬಹುದಾದ ವ್ಯವಸ್ಥೆಯನ್ನು ಕಣ್ಣಿಲ್ಲದವರಿಗೆ ಒಗ್ಗಿಸುತ್ತಿದ್ದರು. ಪರದೆಯ ಮೇಲೆ ಬಂದದ್ದನ್ನು ಯಂತ್ರ ಕನ್ನಡದಲ್ಲಿ ಓದಿ ಹೇಳುತ್ತಿತ್ತು. ಅದು ಎಲ್ಲಿ ಎಡವುತ್ತದೆಂದು ಹೇಳಲು ಕನ್ನಡ ಬಲ್ಲವನೊಬ್ಬ ಬೇಕಿತ್ತು. ಚಿಕ್ಕಂದಿನಲ್ಲಿ ಮೈಸೂರಿನಲ್ಲಿದ್ದು ಬೆರಳಲ್ಲಿ ಓದುವ ಕನ್ನಡ ಬ್ರೈಲ್ ಕಲಿತಿದ್ದ ಶಿವನಂಜಪ್ಪ ಸಿಕ್ಕಿದ.

"ನಾಳೆ ಸಂಜೆ ಬಸ್ಸಿಗೆ ಬರ್ತೇನೆ ಚೇಟ್ಟ," ಎಂದಿದ್ದ ಪದ್ಮನಾಭನ್, ಅಣ್ಣ ಎನ್ನುವುದನ್ನು ತನ್ನ ಮಲಯಾಳದಲ್ಲೇ ಹೇಳಿ. "ಅಷ್ಟರಲ್ಲಿ ನೀವು ಒಬ್ಬರೇ ಕೂತು ತಪ್ಪೆಲ್ಲ ಬರೆದಿಡಿ. ಬರೆದ್ರೆ ಯಂತ್ರ ನಿಮ್ದು. ಇಲ್ಲಾಂದ್ರೆ ಕಲ್ಲೂರಲ್ಲಿ ಇನ್ನೊಬ್ಬರು ಕಾಯ್ತಾ ಇದಾರೆ."

ಶಿವನಂಜಪ್ಪನಿಗೆ ಯಂತ್ರ ಬೇಕೇ ಬೇಕಿತ್ತು. ಇಷ್ಟು ವರ್ಷ ಅವನು ಮಲಯಾಳದ ಪೇಪರನ್ನು ಮತ್ತೊಬ್ಬರ ಬಾಯಲ್ಲೇ ಕೇಳಿದವನು. ಅವರು ತಮಗೆ ಬೇಕಾದ್ದನ್ನು ಮನಸ್ಸಿನಲ್ಲೇ ಓದಿಕೊಂಡು, ಇವನು ಏನಂತೆ ಎಂದರೆ, "ಏನೂ ಇಲ್ಲ ಬುಡಿ" ಎಂದುಬಿಡುತ್ತಿದ್ದರು.

ಬೆಳಿಗ್ಗೆ ಯಂತ್ರದ ದನಿ ತಗ್ಗಿಸಿಕೊಂಡು, ಕೀಲಿಗಳನ್ನು ತಡವುತ್ತ, ಅವನು ಅರ್ಧ ಬರೆದಿದ್ದ. ಆಗ ಪಕ್ಕದ ಮನೆಯ ಶಂಕರನ್ ಕುಡುಗೋಲು ಕೇಳಲು ಬಂದು ಕಪ್ಪು ಪರದೆಯನ್ನು ನೋಡಿದ.

"ಅಯ್ಯೋ ಚೇಟ್ಟ, ಇದು ಪೋಯಿ! ಕೆಟ್ಟೋಗ್ಯದೆ."

"ಕೆಟ್ಟಿಲ್ಲ ಮಾರಾಯ, ನಾನೇ—"

ಶಂಕರನ್ ಉಪಕಾರಿ. ಉಪಕಾರಿಗಳು ಪೂರ್ತಿ ಕೇಳುವುದಿಲ್ಲ. ಗೋಡೆಯಿಂದ ವೈರು ಕಿತ್ತು, ಊದಿ, ಮತ್ತೆ ಚುಚ್ಚಿದ. ಪರದೆ ಹೊತ್ತಿಸಿದ. ದನಿ ಸಾಲದೆಂದು ಸ್ಪೀಕರಿನ ಗುಂಡಿಯನ್ನು ಕೊನೆವರೆಗೂ ತಿರುಗಿಸಿದ. ಬರೆದದ್ದೆಲ್ಲ ಅಳಿಸಿಹೋಯಿತು. ಆದರೆ ಹಿಂದಿನ ದಿನ ಪದ್ಮನಾಭನ್ ಇಂಟರ್ನೆಟ್ಟಿನಲ್ಲಿ ತೆರೆದಿದ್ದ ಕನ್ನಡ ಪೇಪರ್ ತಾನಾಗಿ ತೆರೆದುಕೊಂಡು, ನೆಗಡಿ ಹತ್ತಿದ ಮೇಷ್ಟರು ಹಾಜರಿ ಕರೆದ ಹಾಗೆ ಯಂತ್ರ ಕೂಗಿತು: "ದಿನ ಭವಿಷ್ಯ. ಮೇಷ. ಬಂಧುಗಳಿಂದ ಶುಭವಾರ್ತೆ."

ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದ ಹೆಂಡತಿ ಚೆಲುವಮ್ಮ ಬೂದಿ ಕೈಯಲ್ಲೇ ಓಡಿಬಂದಳು. "ನಂದು ಮೇಷ ಕಣ್ರೀ! ಇನ್ನೊಂದ್ಸಲ ಹೇಳ್ಸಿ."

ಆ ಕೇರಿಯಲ್ಲಿ ಮನೆಯ ಮಾತು ಕನ್ನಡ, ಶಾಲೆಯ ಪಾಠ ಮಲಯಾಳ. ಕಣ್ಣು ನೆಟ್ಟಗಿದ್ದರೂ ಕನ್ನಡ ಅಕ್ಷರದ ಮುಂದೆ ಎಲ್ಲರೂ ಶಿವನಂಜಪ್ಪನಂತೆಯೇ. ಸುದ್ದಿ ಬೇಲಿ ಹಾರಿತು. ವೃಷಭದವರು, ಕರ್ಕಾಟಕದವರು, ಹುಟ್ಟಿದ ದಿನವೇ ಗೊತ್ತಿಲ್ಲದವರು, ಎಲ್ಲರೂ ಬಂದರು.

"ಮಲಯಾಳದ ಪೇಪರಲ್ಲೂ ಭವಿಷ್ಯ ಬತ್ತದಲ್ಲಾ, ಹೋಗ್ರಪ್ಪ," ಎಂದು ಗೋಗರೆದ ಶಿವನಂಜಪ್ಪ.

"ಅದು ನಮಗೆ ಹತ್ತಲ್ಲ ಕಣಣ್ಣ," ಎಂದಳು ಎದುರು ಮನೆಯ ದಿವ್ಯಶ್ರೀ. "ನೀನು ವಸಿ ಈ ಕಡೆ ಸರಿ, ಪರದೆ ಕಾಣಲ್ಲ."

ಅವನು ಸರಿದ. ಮಧ್ಯಾಹ್ನದ ಹೊತ್ತಿಗೆ ಸರಿದು ಸರಿದು ಜಗುಲಿಗೆ ಬಂದಿದ್ದ. ಒಳಗೆ ಯಂತ್ರ ವಧೂವರರ ಜಾಹೀರಾತು ಕೂಗುತ್ತಿತ್ತು. ಮಗಳಿಗೆ ಗಂಡು ಹುಡುಕುತ್ತಿದ್ದ ಚೆಲುವಮ್ಮ ನಂಜನಗೂಡಿನ ವರನೊಬ್ಬನನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವಷ್ಟರಲ್ಲಿ, ದಿವ್ಯಶ್ರೀಯೂ ತನ್ನ ತಂಗಿಗೆಂದು ಅವನನ್ನೇ ಹಿಡಿದಳು. ಎರಡು ಮನೆಯವರಿಗೂ ಮಾತು ನಿಂತಿತು.

ಸಂಜೆ ಬಸ್ಸಿನ ಹಾರನ್ ಕೇಳಿತು. ಬಂದ ಪದ್ಮನಾಭನ್‌ಗೆ ಕುರ್ಚಿ ತರಲು, ಕಾಪಿ ಇಡಲು ಎಲ್ಲರೂ ಎದ್ದರು. ಅದೇ ಸಂದಿನಲ್ಲಿ ಶಿವನಂಜಪ್ಪ ನುಗ್ಗಿ, ಸಿಟ್ಟಿನಲ್ಲಿ, ಕೀಲಿಗಳ ಮೇಲೆ ಕೈಗೆ ಬಂದಷ್ಟು ಕುಟ್ಟಿದ.

ಪದ್ಮನಾಭನ್‌ಗೂ ಕನ್ನಡ ಓದಲು ಬಾರದು. ಯಂತ್ರದ ಕೈಲೇ ಓದಿಸಿದ. ತುಂಬಿದ ಮನೆಯ ಮುಂದೆ ಅದು ಕೂಗಿತು: "ಯಂತ್ರದಲ್ಲಿ ತಪ್ಪಿಲ್ಲ. ಗಟ್ಟಿಯಾಗಿ ಓದುವುದೇ ತಪ್ಪು. ಕೇರಿಯೆಲ್ಲ ಕೇಳುತ್ತದೆ. ನನ್ನನ್ನು ಹತ್ತಿರ ಸೇರಿಸುತ್ತಿಲ್ಲ. ಒಬ್ಬರಿಗೇ ಕೇಳುವ ಉಪಾಯ ಮಾಡಿ."

ಶಂಕರನ್ ಕುಡುಗೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಶರಿ! ಇದೇ ಬೇಕಾಗಿದ್ದು ನಮ್ಗೆ!" ಪದ್ಮನಾಭನ್ ಹಿಗ್ಗಿ, ಚೀಲದಿಂದ ಹೆಡ್‌ಫೋನ್ ತೆಗೆದು ಯಂತ್ರಕ್ಕೆ ಚುಚ್ಚಿದ. "ಕೊಡೋಕೆ ಮರ್ತಿದ್ದೆ. ಯಂತ್ರ ನಿಮ್ದೇ ಚೇಟ್ಟ." ಬಸ್ಸು ತಿರುಗಿ ಹೊರಡುವುದರಲ್ಲಿತ್ತು; ಕಾಪಿಯನ್ನು ಒಂದೇ ಗುಟುಕಿಗೆ ಕುಡಿದು ಓಡಿದ.

ಗೆದ್ದೆ ಎಂದುಕೊಂಡ ಶಿವನಂಜಪ್ಪ. ನಿಧಾನವಾಗಿ ಕುರ್ಚಿಯ ಕಡೆ ಕೈಚಾಚಿದ. ಕೈಗೆ ಸಿಕ್ಕಿದ್ದು ಹೆಂಡತಿಯ ತುರುಬು, ಅದರ ಮೇಲೆ ಹೆಡ್‌ಫೋನಿನ ಪಟ್ಟಿ.

"ನೀವು ಬರೆದಿದ್ದು ಸರಿಯಾಗೇ ಐತೆ ಕಣ್ರೀ," ಎಂದಳು ಚೆಲುವಮ್ಮ, ಕಿವಿ ಮುಚ್ಚಿದವರ ಎತ್ತರದ ದನಿಯಲ್ಲಿ. "ನಮ್ಮುಡುಗಿ ಗಂಡಿನ ಇಚಾರ ಕೇರಿಗೆಲ್ಲಾ ಯಾಕೆ ಕೇಳ್ಬೇಕು?"

"ಚೆಲುವಮ್ಮ ಚೇಚಿ ಆದ್ಮೇಲೆ ನಾನು," ಎಂದ ಶಂಕರನ್.

"ಆಮೇಲೆ ನಾನು," ಎಂದಳು ದಿವ್ಯಶ್ರೀ.

ಬೆಳಿಗ್ಗೆಯಿಂದ ಬೇರೆಯವರ ರಾಶಿಯಾದರೂ ಶಿವನಂಜಪ್ಪನ ಕಿವಿಗೆ ಬೀಳುತ್ತಿತ್ತು. ಈಗ ಮನೆಯಲ್ಲಿ ಫ್ಯಾನಿನ ಸದ್ದೊಂದೇ. ಅವನು ಹೆಂಡತಿಯ ಭುಜ ತಟ್ಟಿದ.

"ಏನಂತೆ, ಚೆಲುವಿ?"

"ಏನೂ ಇಲ್ಲ ಬುಡಿ," ಎಂದಳು ಅವಳು.