ಮೂಲೆ ಬಿಟ್ಟುಕೊಡದ ಮಾವ

ಹಿಂದೂಪುರದ ನಮ್ಮ ಸೋದರಮಾವನ ಜೊತೆ ಬಾಳುವುದು ಕಷ್ಟವೇನಲ್ಲ. ನಿಮಗೆ ಬದಿ, ಮೂಲೆ ಇರಬಾರದು, ಅಷ್ಟೇ! ಲೆಕ್ಕದ ಮೇಷ್ಟ್ರ ಕೆಲಸದಿಂದ ನಿವೃತ್ತರಾದರೂ ಚಟ ನಿವೃತ್ತವಾಗಲಿಲ್ಲ. ತಟ್ಟೆಯಲ್ಲಿ ಕೊಬ್ಬರಿ ಮಿಠಾಯಿ ಇಟ್ಟರೆ ಬದಿ ಎಣಿಸಿ, ಮೂಲೆ ನೋಡಿ, ಹೆಸರಿಟ್ಟ ಮೇಲೆಯೇ ಬಾಯಿಗೆ. ನಾಮಕರಣವಾಗದ ಮಿಠಾಯಿಯನ್ನು ಯಾರಾದರೂ ತಿಂದಾರೆಯೇ?

ಸೋಮಂದೇಪಲ್ಲಿಯಲ್ಲಿ ಸೈಟು ನೋಡಲು ಹೋದಾಗ ದಲ್ಲಾಳಿ ಪಾಪ, "ಒಳ್ಳೇ ಆಯತ ಸಾರ್" ಎಂದುಬಿಟ್ಟ. ಮಾವ ಚೀಲದಿಂದ ಗಾರೆಯವರ ಮೂಲೆಮಟ್ಟ ತೆಗೆದರು.

"ಎದುರುಬದುರು ಬದಿ ಸಮ ಐತೆ, ಮೂಲೆ ನೇರ ಇಲ್ಲ. ಇದು ಸಮಾಂತರ ಚತುರ್ಭುಜ ಕಣಪ್ಪ. ಆಯತ ಅಂತ ಹೆಂಗಂತೀಯಾ?"

"ಸಾರ್, ಕೊಂಟಾರಾ, ಪಾಠಂ ಚೆಪ್ತಾರಾ?" ಕೊಳ್ಳುತ್ತೀರೋ ಪಾಠ ಹೇಳುತ್ತೀರೋ ಎಂದು ತೆಲುಗಿನಲ್ಲಿ ಕೇಳಿ ಅವನು ಬೈಕ್ ಹತ್ತಿ ಹೋದ. ಅತ್ತೆ ಇವತ್ತಿಗೂ ಬಾಡಿಗೆ ಮನೆಯಲ್ಲೇ ಇದ್ದಾರೆ.

ಆಮೇಲೆ ಅತ್ತೆಯ ಕಣ್ಣು ಹೋಯಿತು. ಡಾಕ್ಟರು ಕೈಚೆಲ್ಲಿದರು. ಕಲ್ಯಾಣದುರ್ಗದಲ್ಲಿರುವ ಮಗಳು "ಇಬ್ರೂ ನಮ್ಮನೇಗೆ ಬಂದ್ಬುಡಿ" ಎಂದಳು. "ಒಲೆ ಬಿಟ್ಟು ಕೂತು ಉಣ್ಣೋದು ನನ್ ಕೈಲಾಗಲ್ಲ ಕಣಮ್ಮ" ಎಂದು ಅತ್ತೆ ಬಿಕ್ಕಿದರು. ಇಂಥ ಹೊತ್ತಿನಲ್ಲಿ ಗಂಡನಾದವನು ಏನು ಮಾಡಬೇಕು? ನಮ್ಮ ಮಾವ ಹಳೇ ಹವಾಯಿ ಚಪ್ಪಲಿ ಕತ್ತರಿಸುತ್ತಾ ಕೂತರು!

ಅತ್ತೆ ಬೆರಳಲ್ಲಿ ತಡವಿ ಗುರುತಿಸಲೆಂದು ಕತ್ತರಿಸಿದ ತುಂಡುಗಳನ್ನು ಡಬ್ಬಿ ಮುಚ್ಚಳಗಳಿಗೆ ಅಂಟಿಸಿದರು. ಖಾರದಪುಡಿಗೆ ತ್ರಿಭುಜ, ಬೇಳೆಗೆ ಪಂಚಭುಜ, ಸಕ್ಕರೆಗೆ ಚೌಕ, ಉಪ್ಪಿಗೆ ವಜ್ರಾಕೃತಿ. ಚೌಕಕ್ಕೂ ವಜ್ರಾಕೃತಿಗೂ ನಾಲ್ಕು ಬದಿಯೂ ಸಮ, ಭೇದವೆಲ್ಲ ಮೂಲೆಯಲ್ಲಿ. ಉಪ್ಪು-ಸಕ್ಕರೆಗೆ ಇವೆರಡೇ ಬೇಕಿತ್ತೇ? ಅತ್ತೆ ತಪ್ಪಿದಾಗಲೆಲ್ಲ ಮಾವ ರೇಗುತ್ತಿದ್ದರು.

"ಬದಿ ಸಮ ಇದ್ರೆ ಸಾಲ್ದು ಕಣೇ, ಮೂಲೆ ನೋಡು!"

"ನೋಡಕ್ಕೆ ಕಣ್ಣೆಲ್ಲೈತ್ರೀ?"

ಮಾವನನ್ನು ತಿದ್ದುವ ಆಸೆಯನ್ನು ನಾನು ಬಿಟ್ಟೇಬಿಟ್ಟೆ. ಅತ್ತೆಯ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಕೊನೆಗೆ ಮಗಳೇ ಬಂದಳು. "ಅಮ್ಮ ಒಂದು ಕಾಫಿ ಸರಿಯಾಗಿ ಮಾಡ್ಲಿ, ಇಲ್ಲೇ ಇರ್ಲಿ. ಇಲ್ಲಾಂದ್ರೆ ಇವತ್ತೇ ಇಬ್ರನ್ನೂ ಕರ್ಕೊಂಡು ಹೋಯ್ತೀನಿ" ಎಂದು ಅಡುಗೆಮನೆ ಬಾಗಿಲಲ್ಲಿ ನನ್ನ ಪಕ್ಕ ನಿಂತಳು.

ಅತ್ತೆ ಹಾಲು ಕಾಯಿಸಿದರು, ಡಿಕಾಕ್ಷನ್ ಬೆರೆಸಿದರು. ಒಂದು ಮುಚ್ಚಳದ ಮೇಲೆ ಬೆರಳಾಡಿಸಿ, "ನಾಲ್ಕೂ ಬದಿ ಸಮ... ಮೂಲೆ ನೇರ. ಚೌಕ. ಸಕ್ಕರೆ" ಎಂದರು. ಬೆರಳಡಿ ಇದ್ದದ್ದು ವಜ್ರಾಕೃತಿ, ಒಳಗಿದ್ದದ್ದು ಉಪ್ಪು! ಕಥೆ ಮುಗಿಯಿತು ಎಂದುಕೊಂಡೆ. ಮಾವ ಬಾಯಿ ತೆರೆದರು, ಹಾಗೇ ಮುಚ್ಚಿದರು. ಅತ್ತೆ ಮುಚ್ಚಳ ಪಕ್ಕಕ್ಕಿಟ್ಟು ಚಮಚಕ್ಕೆ ತಡಕಾಡುವಷ್ಟರಲ್ಲಿ ಉಪ್ಪಿನ ಡಬ್ಬಿ ಸರಿಸಿ, ಸಕ್ಕರೆ ಡಬ್ಬಿ ತೆರೆದು ಅಲ್ಲಿಟ್ಟರು.

"ಸರಿಯಾಗಿ ಹೇಳ್ದೆ ಕಣೇ" ಎಂದರು.

ಮಗಳು ಎಲ್ಲವನ್ನೂ ನೋಡಿದಳು. ಕಾಫಿ ಕುಡಿದು "ಚೆನ್ನಾಗೈತಮ್ಮ" ಎಂದವಳೇ ಕಣ್ಣೊರೆಸಿಕೊಂಡು ಕಲ್ಯಾಣದುರ್ಗಕ್ಕೆ ಒಬ್ಬಳೇ ಹೊರಟಳು.

ನಾನು ಮಾವನನ್ನು ಹಜಾರಕ್ಕೆ ಕರೆದು ಪಿಸುಗುಟ್ಟಿದೆ: "ಮಾವ, ಅದು ವಜ್ರಾಕೃತಿ ಅಲ್ವಾ?"

"ಅವ್ಳು ಚೌಕ ಅಂದ್ಳಲ್ಲಮ್ಮ," ಎಂದರು ಮಾವ. "ಇನ್ಮೇಲೆ ಚೌಕಾನೇ."