ಹದಿನೇಳನೆಯ ನಂಬರಿನ ಪಕ್ಕಡ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಜನ ಹೇಳುತ್ತಾರೆ. ಅದು ಶುದ್ಧ ಸುಳ್ಳು. ಬರಬೇಕಾದರೆ ಅದು ಒಮ್ಮೆಯಾದರೂ ಹೋಗಿರಬೇಕಲ್ಲ? ನನ್ನ ಸಿಟ್ಟು ಎಲ್ಲಿಗೂ ಹೋಗುವುದಿಲ್ಲ, ಮನೆಯಲ್ಲೇ ಇರುತ್ತದೆ. ಹಜಾಮನ ಮೇಲಿನದು, ಬಸ್ಸಿನ ಕಂಡಕ್ಟರನ ಮೇಲಿನದು, ಮದುವೆ ಊಟದಲ್ಲಿ ನನ್ನ ಎಲೆಯೊಂದನ್ನೇ ದಾಟಿಕೊಂಡು ಹೋದ ಬೀಗರ ಮೇಲಿನದು, ಇವೆಲ್ಲ ಚಿಲ್ಲರೆ ಸಿಟ್ಟುಗಳು. ಎಲ್ಲಕ್ಕೂ ಹಿರಿಯದು ಒಂದಿದೆ. ಅದು ಹುಟ್ಟಿದ್ದು ಎರಡನೆಯ ಮಹಾಯುದ್ಧ ನಡೆದಿದ್ದಾಗ, ನಾನು ಎಂಜಿನಿಯರಿಂಗ್ ಓದುತ್ತಿದ್ದಾಗ, ಒಂದು ವಿಮಾನ ರಿಪೇರಿ ಕಾರ್ಖಾನೆಯಲ್ಲಿ. ಕಾರಣ, ತಂತಿ ತಿರುಚಲು ಮೊಳೆ ಕೀಳಲು ಬಳಸುವ ಗೇಣುದ್ದದ ಒಂದು ಪಕ್ಕಡ.

ನಮ್ಮ ಕಾಲೇಜಿನಲ್ಲಿ ಒಂದು ನಿಯಮವಿತ್ತು. ಬೇಸಿಗೆ ರಜೆಯ ಎರಡು ತಿಂಗಳು ಯಾವುದಾದರೂ ಕಾರ್ಖಾನೆಯಲ್ಲಿ ಕೆಲಸ ಕಲಿಯಬೇಕು, ಅಲ್ಲಿಯವರಿಂದ ಸರ್ಟಿಫಿಕೇಟು ತರಬೇಕು. ತರದಿದ್ದರೆ ಕೊನೆಯ ವರ್ಷದ ತರಗತಿಗೆ ಪ್ರವೇಶವಿಲ್ಲ. ಸಹಪಾಠಿಗಳು ಹತ್ತಿ ಗಿರಣಿ, ಎಣ್ಣೆ ಗಿರಣಿ ಹುಡುಕಿಕೊಂಡರು. ನನಗೆ ಮಾತ್ರ ಮೈಸೂರು ಸೀಮೆಯ ಆ ವಿಮಾನದ ಕಾರ್ಖಾನೆ ಸಿಕ್ಕಿತು. ನಮ್ಮ ಹತ್ತಿಮತ್ತೂರಿನಲ್ಲಿ ಅಪ್ಪ ಚಾವಡಿಯ ಕಟ್ಟೆಯ ಮೇಲೆ ಕುಳಿತು, "ನಮ್ಮ ಹುಡುಗ ವಿಮಾನ ಮಾಡಾಕ ಹೊಂಟಾನ್ರಿ" ಎಂದು ಹೋಗಿಬರುವವರಿಗೆಲ್ಲ ಹೇಳಿದ. ಅವ್ವ ನಲವತ್ತು ಕಟಕ ರೊಟ್ಟಿ, ಒಂದು ದೊಡ್ಡ ಡಬ್ಬಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕಟ್ಟಿಕೊಟ್ಟಳು. ಮೂರನೆಯ ದಿನಕ್ಕೆ ನನ್ನನ್ನು ವಿಮಾನದಲ್ಲಿ ಕೂರಿಸುತ್ತಾರೆ, ಒಂದು ವಾರಕ್ಕೆ ನನ್ನ ಸಲಹೆ ಕೇಳುತ್ತಾರೆ ಎಂದು ನಾನು ತಿಳಿದಿದ್ದೆ.

ಅವರು ನನ್ನ ಕೈಗೆ ಒಂದು ಅರ ಕೊಟ್ಟರು. ಮೂರು ವಾರ ನಾನು ತಗಡಿನ ಅಂಚು ಉಜ್ಜಿದೆ. ಬೆರಳಿನ ಚರ್ಮ ಹೋಯಿತು, ವಿಮಾನದ ಬಾಲ ಕೂಡ ಮುಟ್ಟಲಾಗಲಿಲ್ಲ. ಆಮೇಲೆ ಕರುಣೆ ತೋರಿಸಿ ಒಂದು ರೆಕ್ಕೆಗೆ ತಗಡು ಕೂಡಿಸುವ ಸಣ್ಣ ಮೊಳೆ, ಅಂದರೆ ರಿವೆಟ್ಟು, ಬಡಿಯಲು ಹಚ್ಚಿದರು. ಹೀಗೆ ಹಚ್ಚಿದವರು ನಮ್ಮ ಮೇಸ್ತ್ರಿ. ಎಲ್ಲರೂ ಅವರನ್ನು ಉಸ್ತಾದ ಎನ್ನುತ್ತಿದ್ದರು. ಸವಣೂರಿನವರು! ನಮ್ಮೂರಿನಿಂದ ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಸವಣೂರು ಮುಟ್ಟಬಹುದು. ಅಷ್ಟು ಹತ್ತಿರದವರು ಎಂದು ನಾನು ಹಿಗ್ಗಿದ್ದೇ ತಪ್ಪಾಯಿತು. ಅವರು ಬೇರೆಯವರನ್ನು ಒಂದು ಸಲ ಬಯ್ದರೆ ನನ್ನನ್ನು ಎರಡು ಸಲ ಬಯ್ಯುತ್ತಿದ್ದರು. "ನಮ್ಮ ಕಡೀ ಹುಡುಗ ಅದೀ, ಅದಕ್ಕ" ಎಂದು ಕಾರಣವನ್ನೂ ಹೇಳುತ್ತಿದ್ದರು.

ಅವರಿಗೆ ಬಿಲ್ಲೆಯ ಹುಚ್ಚು. ಪ್ರತಿಯೊಬ್ಬನಿಗೂ ನಂಬರು ಹೊಡೆದ ಒಂದು ಹಿತ್ತಾಳೆ ಬಿಲ್ಲೆ ಇತ್ತು. ಗೋಡೆಯ ಹಲಗೆಯಿಂದ ಯಾವ ಹತಾರ ತೆಗೆದುಕೊಂಡರೂ ಅದರ ಮೊಳೆಗೆ ನಮ್ಮ ಬಿಲ್ಲೆ ನೇತುಹಾಕಬೇಕು. ಸಂಜೆ ಹತಾರ ಮರಳಿಸಿ ಬಿಲ್ಲೆ ತೆಗೆದುಕೊಳ್ಳಬೇಕು. ಒಂದು ಬಿಲ್ಲೆ ಉಳಿದರೂ ಯಾರೂ ಮನೆಗೆ ಹೋಗುವಂತಿಲ್ಲ. ವಿಮಾನದೊಳಗೆ ಮರೆತ ಹತಾರ, ಅದು ಹಾರಿದ ಮೇಲೆ ಸರಿದು ತಂತಿಗೆ ಸಿಕ್ಕಿತೆಂದರೆ ವಿಮಾನ ನೆಲಕ್ಕೆ ಬೀಳುತ್ತದೆ, ಹಾರಿಸುವವನು ಸಾಯುತ್ತಾನೆ. ಇದನ್ನು ಉಸ್ತಾದರು ದಿನಾ ಹೇಳುತ್ತಿದ್ದರು. ನಾನು ದಿನಾ ಕೇಳದೆ ಇರುತ್ತಿದ್ದೆ.

ತರಬೇತಿ ಮುಗಿಯಲು ಎರಡು ದಿನವಿದ್ದಾಗ, ಸಂಜೆ ಹಲಗೆಯ ಮೇಲೆ ಒಂದೇ ಒಂದು ಬಿಲ್ಲೆ ಉಳಿಯಿತು. ಹದಿನೇಳನೆಯ ನಂಬರಿನದು, ನನ್ನದು.

"ಪಕ್ಕಡ ಎಲ್ಲೋ?" ಎಂದರು ಉಸ್ತಾದರು.

"ಇಟ್ಟೇನ್ರಿ ಉಸ್ತಾದರ."

"ಇಟ್ಟಿದ್ರ ಬಿಲ್ಲಿ ಯಾಕ ಜೋತಾಡಾಕತ್ತೈತಿ?"

"ನನಗೇನ ಗೊತ್ರಿ? ಬಿಲ್ಲೀನ ಕೇಳ್ರಿ!"

ಅವತ್ತೇ ಮಧ್ಯಾಹ್ನ ನನ್ನ ಪಕ್ಕಕ್ಕೆ ಕುಳಿತು ನಮ್ಮ ಅವ್ವನ ಶೇಂಗಾ ಹಿಂಡಿಯನ್ನು ಮೂರು ಸಲ ಹಾಕಿಸಿಕೊಂಡು ತಿಂದಿದ್ದ ಮನುಷ್ಯ ಇವರು. ಮೀಸೆಯಲ್ಲಿ ಇನ್ನೂ ಹಿಂಡಿಯ ಪುಡಿ ಇತ್ತು. ರಾತ್ರಿ ಯಾರನ್ನೂ ಮನೆಗೆ ಬಿಡದೆ, ಆ ಮೀಸೆ ಹೊತ್ತುಕೊಂಡೇ ಮರುದಿನ ನನ್ನ ರೆಕ್ಕೆಯನ್ನು ಬಿಚ್ಚಿಸಿದರು. ಎಂಟು ದಿನ ಕೂತು ನಾನು ಬಡಿದ ರಿವೆಟ್ಟುಗಳನ್ನು ನನ್ನ ಕಣ್ಣೆದುರಿಗೇ ಒಂದೊಂದಾಗಿ ಕೊರೆದು ತೆಗೆಸಿದರು. ಒಳಗೆ ಏನೂ ಇರಲಿಲ್ಲ. "ಇನ್ನೊಂದು ರೆಕ್ಕಿ ಬಿಚ್ರಿ" ಎಂದರು. ಅಲ್ಲಿಯೂ ಇರಲಿಲ್ಲ. ಬಾಲ ಬಿಚ್ಚಿರಿ ಎಂದರು. ನನಗಾದ ಅವಮಾನ ಅಷ್ಟಿಷ್ಟಲ್ಲ. ಕೊನೆಗೆ ಸರ್ಟಿಫಿಕೇಟು ಕೇಳಿದರೆ, "ಪಕ್ಕಡ ತಾ, ಕಾಗದ ಒಯ್ಯಿ" ಎಂದುಬಿಟ್ಟರು.

ಬರಿಗೈಯಲ್ಲಿ ಊರಿಗೆ ಬಂದೆ. ಜೂನ್ ತಿಂಗಳಿಡೀ ನಮ್ಮ ಮನೆಯಲ್ಲಿ ನಡೆದದ್ದು ಒಂದೇ ಭಾಷಣ. ಅಡುಗೆಮನೆಯಲ್ಲಿ ತಾಟಿನ ಮುಂದೆ ಕುಳಿತು, ನೆಲ ಗುದ್ದಿ, "ಒಂದು ವರ್ಷ ಹೋತಲ್ಲವ್ವಾ, ಒಂದು ಪಕ್ಕಡದ ಸಲುವಾಗಿ!" ಎಂದು ಕೂಗುತ್ತಿದ್ದೆ. ಅವ್ವ ಒಲೆಯ ಮೇಲಿನ ಹಾಲು ಇಳಿಸುತ್ತ, "ಬಿಸಿ ಐತಿ, ಸರದ ಕೂಡು" ಎನ್ನುತ್ತಿದ್ದಳು. ನನ್ನ ಸಂಕಟ ಅವಳಿಗೆ ತಿಳಿಯುವುದಿಲ್ಲವಲ್ಲ ಎಂದು ಅವಳ ಮೇಲೂ ಸಿಟ್ಟಾಗುತ್ತಿತ್ತು.

ಕಡೆಗೆ ಕಾರ್ಖಾನೆಯ ದೊಡ್ಡ ಸಾಹೇಬರಿಗೆ ಒಂದು ಅರ್ಜಿ ಬರೆದೆ. ಇಂಗ್ಲಿಷಿನಲ್ಲಿ ನನಗೆ ಗೊತ್ತಿದ್ದ ಕಠಿಣ ಶಬ್ದ ಒಂದನ್ನೂ ಬಿಡಲಿಲ್ಲ. ಈ ಮೇಸ್ತ್ರಿ ಸುಮ್ಮಸುಮ್ಮನೆ ರೆಕ್ಕೆ ಬಿಚ್ಚಿಸಿ ಯುದ್ಧದ ಕೆಲಸಕ್ಕೆ ಅಡ್ಡಿ ಮಾಡುತ್ತಾರೆ ಎಂದೂ ಬರೆದೆ. ಅಪ್ಪ ಅದಕ್ಕೆ ಊರಿನ ಹನ್ನೊಂದು ಜನ ಹಿರಿಯರ ಒಪ್ಪಿಗೆ ತಂದ. ಒಂಬತ್ತು ಸಹಿ, ಎರಡು ಹೆಬ್ಬೆಟ್ಟು. ವಿಮಾನವನ್ನಾಗಲಿ ಆ ಪಕ್ಕಡವನ್ನಾಗಲಿ ಎಂದೂ ಕಾಣದ ಹನ್ನೊಂದು ಜನ, ಪಕ್ಕಡ ನನ್ನ ಹತ್ತಿರ ಇಲ್ಲವೇ ಇಲ್ಲ ಎಂದು ಸಾಕ್ಷಿ ನುಡಿದರು. ಹತ್ತಿಮತ್ತೂರಿನವರು ಹಾಗೆಯೇ, ಊರ ಹುಡುಗನಿಗೆ ಅನ್ಯಾಯವಾಯಿತು ಎಂದರೆ ಕಾಗದದಲ್ಲಿ ಏನಿದೆ ಎಂದು ಕೇಳುವುದಿಲ್ಲ. ಅರ್ಜಿ ಕೆಲಸ ಮಾಡಿತು. ಮೂರು ವಾರದಲ್ಲಿ ಸರ್ಟಿಫಿಕೇಟು ಟಪಾಲಿನಲ್ಲಿ ಬಂತು. 'ಬಹಳ ಜಾಗರೂಕ ವಿದ್ಯಾರ್ಥಿ' ಎಂದು ಬರೆದಿತ್ತು. ಉಸ್ತಾದರನ್ನು ರಜೆ ಕೊಟ್ಟು ಮನೆಗೆ ಕಳಿಸಿದ್ದಾರೆ ಎಂದೂ ಆಮೇಲೆ ತಿಳಿಯಿತು. ನಾನು ಕುಣಿದಾಡಿದೆ.

ದಸರೆಗೆ ಕಾಲೇಜಿನಿಂದ ಊರಿಗೆ ಬಂದೆ. ಖಂಡೇಪೂಜೆ, ಅಂದರೆ ಆಯುಧಪೂಜೆಯ ದಿನ ಅವ್ವ ಜಗಲಿಯ ಮೇಲೆ ಕಂಬಳಿ ಹಾಸಿ ಕುಡುಗೋಲು, ಕೊಡಲಿ, ಕುರ್ಚಿಗೆ, ಕೂರಿಗೆಯ ತಾಳು ಎಲ್ಲ ಸಾಲಾಗಿ ಇಟ್ಟು ವಿಭೂತಿ ಹಚ್ಚಿದ್ದಳು. ನಟ್ಟನಡುವೆ, ಎಲ್ಲಕ್ಕಿಂತ ಹೆಚ್ಚು ಕುಂಕುಮ, ತಲೆಯ ಮೇಲೆ ಒಂದು ಚೆಂಡುಹೂವು ಹೊತ್ತು ಕುಳಿತಿತ್ತು ಆ ಪಕ್ಕಡ.

"ಅವ್ವಾ! ಇದು ಎಲ್ಲಿಂದ ಬಂತು?"

"ನಿನ್ನ ರೊಟ್ಟಿ ಗಂಟಿನ್ಯಾಗ ಇತ್ತಲ್ಲೋ. ವಿಮಾನದವರು ಪ್ರೀತಿಲೇ ಕೊಟ್ಟಾರ ಅನಕೊಂಡೆ. ಭಾಳ ಚಲೋ ಐತಿ ನೋಡು, ಬಿಸಿ ಚರಿಗಿ ಇಳಸಾಕ ಹೇಳಿ ಮಾಡಿಸಿದಂಗ ಐತಿ."

ಆಗ ನೆನಪಾಯಿತು. ಅವತ್ತು ಊಟದ ಹೊತ್ತಿನಲ್ಲಿ ಹಿಂಡಿಯ ಡಬ್ಬಿಯ ಮುಚ್ಚಳ ಬಿಗಿದಿತ್ತು. ಪಕ್ಕಡ ಹಾಕಿ ತೆಗೆದವನು ನಾನೇ, ಡಬ್ಬಿಯ ಜೊತೆಗೆ ಅದನ್ನೂ ಗಂಟಿಗೆ ಸೇರಿಸಿದವನು ನಾನೇ. ಜೂನ್ ತಿಂಗಳಿಡೀ ನಾನು ಕೂಗಾಡುತ್ತಿದ್ದಾಗ ಅವ್ವ ನನ್ನ ಮೂಗಿನ ಮುಂದೆ ಹಾಲು ಇಳಿಸುತ್ತಿದ್ದದ್ದು ಅದೇ ಪಕ್ಕಡದಿಂದ! ನನಗೆ ಎಷ್ಟು ಸಿಟ್ಟು ಬಂತೆಂದರೆ, ಯಾರ ಮೇಲೆ ಎಂದು ತಿಳಿಯದೆ ಜಗಲಿಯ ಕಂಬಕ್ಕೆ ಒದ್ದೆ. ಕಾಲು ಊದಿತು.

ಊದಿದ ಕಾಲಿನಲ್ಲೇ ಮರುದಿನ ಸವಣೂರಿಗೆ ನಡೆದೆ. ಉಸ್ತಾದರು ಬಯ್ದರೆ ಏನು ಉತ್ತರ ಕೊಡಬೇಕು ಎಂದು ದಾರಿಯುದ್ದಕ್ಕೂ ಒಂದೊಂದೇ ಸಿದ್ಧ ಮಾಡಿಕೊಂಡೆ. ಅವರು ತಮ್ಮನ ಸೈಕಲ್ ಅಂಗಡಿಯಲ್ಲಿ ಕುಳಿತಿದ್ದರು, ಮೈ ಇಳಿದಿತ್ತು. ಪಕ್ಕಡ ಕೈಗೆ ಕೊಟ್ಟೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹಾಳಾದ್ದು ವಿಮಾನದಾಗ ಇರಲಿಲ್ಲಲ್ಲಾ, ಅಲ್ಲಾಹ್!" ಎಂದರು. "ಅದನ್ನ ಪೂರಾ ಬಿಚ್ಚಿ ನೋಡೂತನಕಾ ಬಿಡಬ್ಯಾಡ್ರಿ ಅಂದೆ. ಕೇಳಲಿಲ್ಲ, ಹಾರಿಸಿಬಿಟ್ರು. ದಿನಾ ಪೇಪರ ನೋಡತಿದ್ದೆ. ಎಲ್ಲೆರೆ ಒಂದು ವಿಮಾನ ಬಿತ್ತು ಅಂದ್ರ ಎದಿ ಧಸಕ್ ಅಂತಿತ್ತು."

"ಅರ್ಜಿ ಬರದಾಂವ ನಾನರಿ" ಎಂದೆ.

"ಗೊತ್ತೈತಿ. ಈ ಕುಂಕುಮ ಹಚ್ಚಿದವರ‍್ಯಾರು?"

"ನಮ್ಮವ್ವರಿ."

"ಪಾಡಾತು. ನಾವು ಹತಾರ ಬರೇ ಎಣಸತಿದ್ವಿ, ಪೂಜಾ ಮಾಡತಿದ್ದಿಲ್ಲ" ಎಂದು ಅವರು ಕಿಸೆಯಿಂದ ನನ್ನ ಹಿತ್ತಾಳೆ ಬಿಲ್ಲೆ ತೆಗೆದು ಕೊಟ್ಟರು. ಅಷ್ಟು ದಿನ ಇಟ್ಟುಕೊಂಡು ತಿರುಗಿದ್ದರು. "ತಗೋ. ಇನ್ನ ನೀ ಮನಿಗೆ ಹೋಗಬಹುದು." ಅಷ್ಟು ಹೇಳಿ ಕಾರ್ಖಾನೆಗೆ ತಂತಿ ಕೊಡಲು ಟಪಾಲು ಕಚೇರಿಯ ಕಡೆಗೆ ಓಡಿದರು. ಒಂದು ಬೈಗುಳವಿಲ್ಲ! ಇದಕ್ಕೆ ನಾನು ಅವರನ್ನು ಇಂದಿಗೂ ಕ್ಷಮಿಸಿಲ್ಲ.

ಸಾಹೇಬರಿಗೆ ಇನ್ನೊಂದು ಕಾಗದ ಬರೆದೆ, ಇದ್ದದ್ದು ಇದ್ದ ಹಾಗೆ. ಹಳೆಯ ಸರ್ಟಿಫಿಕೇಟನ್ನೂ ಜೊತೆಗಿಟ್ಟೆ. ಈ ಸಲ ಸಹಿ ಹಾಕಲು ಇಡೀ ಹತ್ತಿಮತ್ತೂರಿನಲ್ಲಿ ಒಬ್ಬರಿಗೂ ಪುರಸೊತ್ತು ಇರಲಿಲ್ಲ, ಅಪ್ಪನಿಗೂ ಸಹ. ಉಸ್ತಾದರನ್ನು ಮತ್ತೆ ಕೆಲಸಕ್ಕೆ ಕರೆದರು. ಕಾಲೇಜಿನವರು ನನ್ನನ್ನು ತೆಗೆದುಹಾಕುತ್ತಾರೆಂದು ಎದೆ ಹಿಡಿದುಕೊಂಡು ಕುಳಿತಿದ್ದೆ. ದೀಪಾವಳಿಗೆ ಊರಿಗೆ ಬಂದಾಗ ಹೊಸ ಸರ್ಟಿಫಿಕೇಟು ಬಂದಿತ್ತು, ಕೆಳಗೆ ಉಸ್ತಾದರ ಸಹಿ: 'ಕೆಲಸ ಅಡ್ಡಿಯಿಲ್ಲ. ಊಟದ ಗಂಟಿನ ಮೇಲೆ ಕಣ್ಣಿರಲಿ.'

ಓದಿದವನೇ ಉರಿದುಬಿದ್ದೆ. ಇದನ್ನು ಕಾಲೇಜಿನಲ್ಲಿ ಹೇಗೆ ತೋರಿಸಲಿ? ಇನ್ನೊಂದು ಅರ್ಜಿ ಗೀಚಲು ಕಾಗದ ಹುಡುಕಿಕೊಂಡು ಅಡುಗೆಮನೆಗೆ ಹೋದೆ. ಅವ್ವ ಒಲೆಯ ಮುಂದೆ ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ಕುಳಿತಿದ್ದಳು. ನನ್ನನ್ನು ನೋಡಿದವಳೇ ಬೆರಳು ತೆಗೆದು, ಥೇಟ್ ಉಸ್ತಾದರ ದನಿಯಲ್ಲೇ ಕೇಳಿದಳು:

"ಪಕ್ಕಡ ಎಲ್ಲೋ?"