ವಾಡೆಯ ಸುರಂಗಕ್ಕೆ ಬೀಗರು ಬಂದರು

ಅಮರಗುಂಡಪ್ಪ: ಉಸ್ಮಾನ್‌ಸಾಬ್, ಇದು ಯುದ್ಧದ ಸುರಂಗ ಅಂತನ ಬರೀರಿ!

ಉಸ್ಮಾನ್‌ಸಾಬ್: ಹೆಂಗ ಬರೀಲಿ ಸಾವ್ಕಾರ್ರ? ಒಂದು ಬಾಯಿ ಬಾವಿ ಹತ್ರ, ಇನ್ನೊಂದು ಅಡಿಗಿಮನ್ಯಾಗ. ನಡುವ ಬರೇ ಕೊಡದ ಚೂರು ಸಿಕ್ಕಾವ. ಆಳುಗಳು ನೀರು ಹೊರೋ ದಾರಿ ಇದು.

ತೊಂಬತ್ತೊಂದರ ಬೇಸಿಗೆ. ಸಂತೆಕಲ್ಲೂರಿನ ಹಳೇ ವಾಡೆಯ ಹಿತ್ತಲನ್ನು ಪುರಾತತ್ವ ಇಲಾಖೆಯ ಉಸ್ಮಾನ್‌ಸಾಬ್ ಅಗೆಸುತ್ತಿದ್ದರು. ವಾಡೆಯ ಯಜಮಾನ ಅಮರಗುಂಡಪ್ಪನಿಗೆ ಇತಿಹಾಸದ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಲು ಕಾರಣವಿತ್ತು. ಮಗನಿಗೆ ಎರಡು ಸಂಬಂಧ ಆಗಲೇ ತಪ್ಪಿದ್ದವು. ಈಗ ಬಳಗಾನೂರಿನಿಂದ ಹೆಣ್ಣಿನ ಕಡೆಯವರು ಮನೆತನ ನೋಡಲು ಬರುವವರಿದ್ದರು.

ಅಮರಗುಂಡಪ್ಪ: ನಮ್ಮ ಮುತ್ಯಾ ಕುದುರಿ ಮ್ಯಾಲ ಇದರಾಗ ಹೋಗ್ತಿದ್ದ ಅಂತ ಅವರಿಗೆ ಹೇಳೀನ್ರಿ!

ಬಸವಣ್ಣೆಮ್ಮ: (ಗಂಡನಿಗೆ) ನಿನ್ನೆ ನೀವ ಇಳದು ತಲಿ ಬಡ್ಕೊಂಡ್ರಿ. ಕುದುರಿ ಏನು ತೆವಳಿಕೊಂತ ಹೋಗ್ತಿತ್ತೇನು?

ಅಮರಗುಂಡಪ್ಪ: ನೀ ಸುಮ್ನಿರಬೇ! ಮಗನ ಲಗ್ನ ಬ್ಯಾಡೇನು ನಿನಗ?

ಬಸವಣ್ಣೆಮ್ಮ: ಹುಡುಗನ್ನ ತೋರಿಸ್ರಿ. ತೆಗ್ಗು ಯಾಕ ತೋರಸ್ತೀರಿ?

ಅಷ್ಟರಲ್ಲಿ ಎಲ್ಲರಿಗಿಂತ ಮೊದಲು ಹುಡುಗಿಯ ಅಜ್ಜಿ ಶೇಖರಮ್ಮ ಬಂದಳು. ಬಂದವಳು ನೆಟ್ಟಗೆ ಸುರಂಗದೊಳಗೆ ಬಗ್ಗಿ ನೋಡಿದಳು.

ಅಮರಗುಂಡಪ್ಪ: ಯುದ್ಧದ ಸುರಂಗ ಅವ್ವಾರ! ವೈರಿ ಬಾಗಿಲಿಗೆ ಬಂದ್ರ ನಮ್ಮ ಹಿರೇರು ಹಿಂಗ ಇಳದು ಹಂಗ ಹೊಂಟಬಿಡ್ತಿದ್ರು!

ಶೇಖರಮ್ಮ: ಹೆಣ್ಮಕ್ಕಳನ್ನ ಕರ್ಕೊಂಡೋ, ಬಿಟ್ಟೋ?

ಅಮರಗುಂಡಪ್ಪ: ಅದು... ಯುದ್ಧದ ಗಡಿಬಿಡಿಯಾಗ...

ಶೇಖರಮ್ಮ: ಕಷ್ಟ ಬಂದ್ರ ಓಡಿಹೋಗೋ ಮನಿತನಕ್ಕ ಹುಡುಗಿ ಹೆಂಗ ಕೊಡೂನ್ರಿ?

ಅಮರಗುಂಡಪ್ಪ: ಅಯ್ಯಯ್ಯ, ಯಾರೂ ಓಡಿಹೋಗಿಲ್ರಿ! ಇದು ಆಳುಗಳು ನೀರು ತರೋ ದಾರಿ! ಸಾಬ್ರ, ಹೇಳ್ರಿ ಇವರಿಗೆ!

ಉಸ್ಮಾನ್‌ಸಾಬ್: ಮುಂಜಾನಿಂದ ಅದನ್ನ ಹೇಳಾಕತ್ತೀನ್ರಿ.

ಶೇಖರಮ್ಮ: ಮ್ಯಾಲ ಇಷ್ಟು ದೊಡ್ಡ ಅಂಗಳ ಇಟಗೊಂಡು, ಆಳುಗಳನ್ನ ನೆಲದಾಗ ಯಾಕ ನಡಸ್ತಿದ್ರಿ?

ಅಮರಗುಂಡಪ್ಪ: ಕಟ್ಟಿ ಮ್ಯಾಲ ಕುಂತ ದೊಡ್ಡೋರ ಕಣ್ಣಿಗೆ ಬೀಳಬಾರ್ದಂತ...

ಶೇಖರಮ್ಮ: ನೀರು ಬೇಕು, ತಂದವರ ಮುಖ ಬ್ಯಾಡ! ನಾಳಿ ನಮ್ಮ ಹುಡುಗಿ ಕೊಡ ಹೊತ್ರ ಆಕಿನ್ನೂ ಇದರಾಗ ಇಳಸ್ತೀರೇನು?

ಮುದುಕಿ ಸೆರಗು ಕೊಡವಿ ಹೊರಟೇಬಿಟ್ಟಳು. ಮೂರನೆಯದೂ ಕೈಬಿಟ್ಟರೆ ಮಗನ ಮುಖ ನೋಡುವುದು ಹೇಗೆ ಎಂದು ಅಮರಗುಂಡಪ್ಪನಿಗೆ ನಿಜವಾಗಿಯೂ ಸಂಕಟವಾಯಿತು. ಬಸವಣ್ಣೆಮ್ಮ ಕೊಡ ತಂದು ಗಂಡನ ಕೈಗೆ ಕೊಟ್ಟಳು.

ಬಸವಣ್ಣೆಮ್ಮ: ನಿಂದರ್ರಿ ಅವ್ವಾರ. ನಮ್ಮನ್ಯಾಗ ಇನ್ನ ಮ್ಯಾಲ ನೀರು ತರೋರು ಇವರ.

ಅಮರಗುಂಡಪ್ಪ: ನಾನಾ?

ಬಸವಣ್ಣೆಮ್ಮ: ನೀವ. ಅಂಗಳದಾಗ ನಡೀರಿ, ಊರೆಲ್ಲ ನೋಡ್ಲಿ.

ಸಾವ್ಕಾರ ಕೊಡ ಹೊತ್ತದ್ದನ್ನು ನೋಡಲು ದಾರಿಹೋಕರೂ ನಿಂತರು. ಅರ್ಧ ನೀರು ಧೋತರಕ್ಕೆ ಹೋಯಿತು. ಉಳಿದದ್ದನ್ನು ಅವನು ತಂಬಿಗೆಗೆ ಸುರಿದು ಎರಡೂ ಕೈಯಿಂದ ಕೊಟ್ಟ. ಶೇಖರಮ್ಮ ಗಟಗಟನೆ ಕುಡಿದಳು.

ಶೇಖರಮ್ಮ: ನೀರು ಸಿಹಿ ಅದಾವ. ಕುಂಕುಮ ತರ್ರಿ, ಮಾತು ಮುಗಸೂನು.

ಅಮರಗುಂಡಪ್ಪ: (ಏದುಸಿರು ಬಿಡುತ್ತ) ಗೆದ್ದೆ ಶಿವನ!

ಶೇಖರಮ್ಮ: ಕೊಡ ಕೆಳಗಿಡಬ್ಯಾಡ್ರಿ ಬೀಗರ. ನಮ್ಮವರು ಒಂದು ಟ್ರ್ಯಾಕ್ಟರ್ ತುಂಬ ಬರಾಕತ್ತಾರ. ಎಲ್ಲರಿಗೂ ನೀರಡಿಕಿ ಆಗಿರ್ತೈತಿ.